ಬೂದಿದಿಬ್ಬಗಳ ಸಾಕ್ಷ್ಯ

ಮಾನವನ ಇತಿಹಾಸದಲ್ಲಿ ಬರಹವಿಲ್ಲದ ಕಾಲವೇ ಅತಿ ದೀರ್ಘವಾದುದು. ಬೇಟೆಯಾಡಿ, ಗೆಡ್ಡೆಗೆಣಸು ಅಗೆದು ಬದುಕುತ್ತಿದ್ದವನು ಪಶುಪಾಲಕನೂ ಕೃಷಿಕನೂ ಆದ ಬಗೆಯನ್ನು ದಕ್ಷಿಣ ಭಾರತದಲ್ಲಿ ತಿಳಿಸುವ ಮುಖ್ಯ ಆಧಾರಗಳಲ್ಲಿ ಬಳ್ಳಾರಿ, ರಾಯಚೂರು ಸೀಮೆಗಳ ಬೂದಿದಿಬ್ಬಗಳೂ ಸೇರಿವೆ.

ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬಿದರು. ರಾಬರ್ಟ್ ಬ್ರೂಸ್ ಫೂಟ್ ಅವರು 19ನೆಯ ಶತಮಾನದಲ್ಲಿಯೇ ಇಂತಹ ದಿಬ್ಬಗಳನ್ನು ಸಗಣಿಯ ಬೂದಿಯೆಂದು ಗುರುತಿಸಿದರು. 1957ರಲ್ಲಿ ಎಫ್. ಆರ್. ಆಲ್ಚಿನ್ ಅವರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಉತ್ಖನನ ನಡೆಸಿದಾಗ ಕಂಬ ನೆಟ್ಟು ಕಟ್ಟಿದ ದೊಡ್ಡಿಯ ಕುರುಹುಗಳೂ ದನಗಳ ಗೊರಸಿನ ಅಚ್ಚುಗಳೂ ದೊರೆತವು. ದೊಡ್ಡಿಯಲ್ಲಿ ಶೇಖರವಾದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರಿಂದ ಆ ದಿಬ್ಬ ಬೆಳೆದಿತ್ತು. ಹಾಗೆ ಸುಟ್ಟುದು ಗೋಸಂಪತ್ತಿಗೆ ಸಂಬಂಧಿಸಿದ ಆಚರಣೆಯಾಗಿರಬಹುದೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಸುಮಾರು ಕ್ರಿ. ಪೂ. 3000ದಿಂದ ಆರಂಭವಾಗುವ ಈ ನವಶಿಲಾಯುಗದ ಸಂಸ್ಕೃತಿ ಪಶುಪಾಲನೆಗಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಸಂಗನಕಲ್ಲು, ಹಳ್ಳೂರು ಮೊದಲಾದ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆಗಳ ಕರಿದ ಕಾಳುಗಳು ಸಿಕ್ಕಿವೆ. ಇವು ಈ ಮಳೆಯಾಶ್ರಿತ ನೆಲಕ್ಕೆ ಒಗ್ಗಿದ ಬೆಳೆಗಳು. ಗೋದಿ, ಬಾರ್ಲಿಗಳು ಹೊರಗಿನಿಂದ ಅನಂತರ ಬಂದು ಸೇರಿದವು. ಆದುದರಿಂದ ದಕ್ಷಿಣದ ಕೃಷಿಯನ್ನು ಕೇವಲ ಅನ್ಯರ ಅನುಕರಣೆಯೆಂದು ಎಣಿಸುವುದು ಯುಕ್ತವಲ್ಲ.

ಆದರೆ ಈ ದಿಬ್ಬಗಳಲ್ಲಿ ಹಲವು ಹೊಲದ ಗೊಬ್ಬರವಾಗಿ ಕರಗಿವೆ. ಸಂಗನಕಲ್ಲಿನ ಬೆಟ್ಟಗಳಿಗೆ ಕಲ್ಲುಗಣಿಗಾರಿಕೆಯಿಂದ ಹಾನಿಯಾಗಿದೆ. ಒಂದು ಓಲೆಗರಿಯ ಕಟ್ಟು ನಷ್ಟವಾದರೆ ಬೇರೊಂದು ಪ್ರತಿಯನ್ನು ಅರಸಬಹುದು, ಬೂದಿದಿಬ್ಬಕ್ಕೆ ಪ್ರತಿಯಿಲ್ಲ. ಅಕ್ಷರವರಿಯದ ಪೂರ್ವಿಕರು ಉಳಿಸಿಹೋದ ಈ ಸಾಕ್ಷ್ಯವನ್ನು ಕಾಯುವುದು ಅಕ್ಷರಸ್ಥರ ಕರ್ತವ್ಯವಾಗಿದೆ.