ಶಿಷ್ಯನನ್ನು ಬೆಳೆಸಿದ ಗುರು

ಕನ್ನಡದ ಮೊದಲ ಪತ್ರಿಕೆ ಯಾವುದೆಂದು ಕೇಳಿದರೆ ನನ್ನ ತರಗತಿಯ ಹುಡುಗರು ‘ಮಂಗಳೂರು ಸಮಾಚಾರ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಯಾರು ಹೊರಡಿಸಿದರೆಂದರೆ ಹರ್ಮನ್ ಮೋಗ್ಲಿಂಗ್ ಎನ್ನುತ್ತಾರೆ. ಯಾವಾಗ? 1843ನೆಯ ಜುಲೈ 1. ಅಲ್ಲಿಗೆ ಪ್ರಶ್ನೆ ಮುಗಿಯಿತು, ಅಂಕ ಬಂತು. ನಾನೂ ಬಹುಕಾಲ ಮೋಗ್ಲಿಂಗರನ್ನು ಅಷ್ಟಕ್ಕೇ ನಿಲ್ಲಿಸಿಬಿಟ್ಟಿದ್ದೆ. ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ಮಂಗಳೂರಿಗೆ ಹೋಗಿ, ಬಲ್ಮಠದ ಗುಡ್ಡದ ಮೇಲೆ ಒಂದು ಸಂಜೆ ಕಳೆದ ಮೇಲೆ, ಆ ಮನುಷ್ಯನ ನಿಜವಾದ ಕೆಲಸ ಪತ್ರಿಕೆಯೂ ಅಲ್ಲ, ಪುಸ್ತಕವೂ ಅಲ್ಲ, ಮನುಷ್ಯರನ್ನು ಬೆಳೆಸಿದ್ದು ಎಂಬ ಯೋಚನೆ ನನ್ನನ್ನು ಹಿಡಿಯಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ಎಂಬ ಸಂಸ್ಥೆ 1834ರಲ್ಲಿ ತನ್ನ ಮೊದಲ ಮೂವರು ಪಾದ್ರಿಗಳನ್ನು ನಮ್ಮ ಪಶ್ಚಿಮ ಕರಾವಳಿಗೆ ಕಳುಹಿಸಿತು. ಎರಡು ವರ್ಷಗಳ ಮೇಲೆ, 1836ರಲ್ಲಿ, ಮೋಗ್ಲಿಂಗ್ ಬಂದರು. ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದವರು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ದೇವಶಾಸ್ತ್ರ ಓದಿದವರು. ಆಗ ಇಪ್ಪತ್ತೈದರ ಹರೆಯ. ಇಂಥವರು ದೊಡ್ಡ ಬಂಗಲೆಯಲ್ಲಿ ಕುಳಿತು, ಭಾನುವಾರ ಉಪದೇಶ ಮಾಡಿಕೊಂಡು ಸುಖವಾಗಿ ಇರಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಶಾಲೆಯ ಹುಡುಗರ ಜೊತೆಯಲ್ಲಿಯೇ ವಾಸಮಾಡಿದರು. ಹುಡುಗರು ಉಂಡದ್ದನ್ನೇ ಉಂಡರು. ಶಿಷ್ಯರ ಕಾಲು ತೊಳೆದ ಯೇಸುವಿನ ಪ್ರಸಂಗವನ್ನು ಓದಿ ಹೇಳುವವರು ಬಹಳ ಮಂದಿ. ಆ ಪ್ರಸಂಗವನ್ನು ತಮ್ಮ ದಿನಚರಿಯೊಳಕ್ಕೆ ತಂದುಕೊಂಡವರು ಕಡಮೆ. ಮೋಗ್ಲಿಂಗರು ಆ ಕಡಮೆಯವರ ಪೈಕಿ.

ಅವರ ಸುತ್ತ ಸೇರಿದ ತರುಣರಲ್ಲಿ ಆನಂದರಾಯ ಕೌಂಡಿನ್ಯ ಒಬ್ಬರು. 1825ರಲ್ಲಿ ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು. 1844ರ ಜನವರಿ 6ರಂದು, ಇನ್ನಿಬ್ಬರು ತರುಣರ ಜೊತೆಯಲ್ಲಿ, ಆನಂದರಾಯರು ದೀಕ್ಷಾಸ್ನಾನ ಪಡೆದರು. ಊರಿಗೆ ಊರೇ ಕಲಕಿಹೋಯಿತು. ಹದಿನೆಂಟರ ಹುಡುಗ ಕುಲ, ಬಂಧುಬಳಗ ಎಲ್ಲವನ್ನೂ ಬಿಟ್ಟು ಹೊರಟಾಗ ಹೆತ್ತವರ ಕರುಳು ಹೇಗಾಗಿರಬೇಡ! ಈ ಕಥೆ ಹೇಳುವವರು ಆ ಮನೆಯವರ ಕಣ್ಣೀರನ್ನು ಮರೆತರೆ ಅದು ಅರ್ಧ ಇತಿಹಾಸವಾದೀತು. ನಾನು ಮತಾಂತರದ ಪರವಾಗಿ ವಾದಿಸಲು ಹೊರಟವನಲ್ಲ, ವಿರೋಧವಾಗಿ ವಾದಿಸಲೂ ಅಲ್ಲ. ಒಬ್ಬನನ್ನು ಹೊಸ ದಾರಿಗೆ ಕರೆದವನು ಅನಂತರ ಅವನಿಗೆ ಏನು ಮಾಡಿದ ಎಂಬುದೇ ನನ್ನ ಕುತೂಹಲ.

ಆನಂದರಾಯರಿಗೆ ಬಂದ ಹೊಸ ಹೆಸರು ಹರ್ಮನ್. ಅದು ಗುರುವಿನದೇ ಹೆಸರು. ಆದರೆ ಹಳೆಯ ಹೆಸರು ಅಳಿಸಿಹೋಗಲಿಲ್ಲ. ಹರ್ಮನ್ ಆನಂದರಾವ್ ಕೌಂಡಿನ್ಯ ಎಂದೇ ಅವರು ಕೊನೆಯವರೆಗೂ ಕರೆಸಿಕೊಂಡರು. ಗೋತ್ರದ ಹೆಸರೂ ಉಳಿಯಿತು, ಗುರುವಿನ ಹೆಸರೂ ಸೇರಿತು.

ಹೆಸರು ಕೊಡುವುದು ಸುಲಭ, ಸ್ಥಾನ ಕೊಡುವುದು ಕಷ್ಟ. ಆ ಕಾಲದಲ್ಲಿ ಮಿಶನ್ನಿಗೆ ಸೇರಿದ ನಮ್ಮವರು ಸಾಮಾನ್ಯವಾಗಿ ಉಪದೇಶಿಗಳಾಗಿ, ಉಪಾಧ್ಯಾಯರಾಗಿ, ಬಿಳಿಯ ಪಾದ್ರಿಯ ಕೈಕೆಳಗೆ ಉಳಿಯುತ್ತಿದ್ದರು. 1846ರಲ್ಲಿ ಮೋಗ್ಲಿಂಗರು ಯೂರೋಪಿಗೆ ಹೊರಟಾಗ ಶಿಷ್ಯನನ್ನೂ ಕರೆದುಕೊಂಡು ಹೋದರು. ತರುಣ ಜರ್ಮನರು ಕಲಿಯುತ್ತಿದ್ದ ಬಾಸೆಲಿನ ಆ ಮನೆಯಲ್ಲೇ ಆನಂದರಾಯರೂ ಕಲಿತರು. 1851ರಲ್ಲಿ ಪಾದ್ರಿದೀಕ್ಷೆ ಪಡೆದು, ಬಾಸೆಲ್ ಮಿಶನ್ನಿನ ಮೊದಲ ಭಾರತೀಯ ಮಿಶನರಿಯಾಗಿ ಮಂಗಳೂರಿಗೆ ಮರಳಿ, ಸೆಮಿನರಿಯಲ್ಲಿ ಗುರುಪೀಠದಲ್ಲಿ ಕುಳಿತರು. ನಿನ್ನೆ ಚಾಪೆಯ ಮೇಲೆ ಕುಳಿತಿದ್ದವನು ಇಂದು ಪಕ್ಕದ ಕುರ್ಚಿಗೆ ಬಂದ. ತಾನು ಏರಿದ ಏಣಿಯನ್ನು ಕೆಳಗಿರುವವನ ಕೈಗೆ ಕೊಡುವುದೆಂದರೆ ಇದೇ ಅಲ್ಲವೇ?

ಈ ಗುರು ತಾನೂ ಶಿಷ್ಯನಾಗಿದ್ದ ಎಂಬುದು ಕಥೆಯ ಇನ್ನೊಂದು ಮುಖ. ಕಲಿಸಲು ಬಂದ ನಾಡಿನಲ್ಲಿ ಮೋಗ್ಲಿಂಗರು ಕಲಿಯಲು ಕುಳಿತರು. ಹಳೆಯ ಓಲೆಗರಿಗಳನ್ನು ಹುಡುಕಿಸಿದರು. ಕಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿಯ ಧನಸಹಾಯದಿಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಕ್ರೈಸ್ತ ಪಾದ್ರಿಯೊಬ್ಬ ಹರಿದಾಸರ ಪದಗಳನ್ನು ಅಚ್ಚಿಗೆ ಕೊಟ್ಟದ್ದು ಇಂದಿಗೂ ಸೋಜಿಗವೇ. ತನ್ನ ನಂಬಿಕೆಯನ್ನು ಹೇಳಬೇಕಾದರೆ ಜನರ ನಂಬಿಕೆಯನ್ನು ಮೊದಲು ಕೇಳಬೇಕೆಂಬ ವಿವೇಕ ಅದರ ಹಿಂದೆ ಇತ್ತು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಈ ಕನ್ನಡ ಸೇವೆಗಾಗಿ.

ಅಷ್ಟರಲ್ಲಿ ಅವರು ಕೊಡಗಿಗೆ ಹೋಗಿದ್ದರು. ಅಲ್ಲಿ ಒಡೆಯರ ಮನೆಗಳಿಗೆ ಆಳುಗಳಾಗಿ ಅಂಟಿಕೊಂಡಿದ್ದ ಹೊಲೆಯರ ನಡುವೆ ಅವರು ನೆಲೆಗೊಳಿಸಿದ ಊರಿನ ಹೆಸರು ಆನಂದಪುರ. 1860ರಲ್ಲಿ ಮೋಗ್ಲಿಂಗರು ಭಾರತವನ್ನು ಬಿಟ್ಟವರು ಮತ್ತೆ ಬರಲಿಲ್ಲ; 1881ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಕೆಲಸ ಮಾತ್ರ ನಿಲ್ಲಲಿಲ್ಲ. ಕೌಂಡಿನ್ಯರು ಅದನ್ನು ಮುಂದುವರಿಸಿ, 1893ರವರೆಗೆ ಬಾಳಿದರು. ಅವರಾದ ಮೇಲೆಯೂ ಆ ಸೆಮಿನರಿಯ ಗರಡಿ ಮುಚ್ಚಲಿಲ್ಲ. ಧಾರವಾಡದಲ್ಲಿ ಹುಟ್ಟಿ ಅಲ್ಲಿ ಓದಿ ಸಭಾಪಾಲಕರಾದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ದಾಸರ ಪದಗಳಿಂದ ಸರ್ವಜ್ಞನವರೆಗೆ ಒಂದೇ ನೂಲು ಹರಿದಿರುವಂತೆ ನನಗೆ ಕಾಣುತ್ತದೆ.

ಮೋಗ್ಲಿಂಗರಲ್ಲಿ ದೋಷವಿರಲಿಲ್ಲವೆಂದು ನಾನು ಹೇಳುತ್ತಿಲ್ಲ. ಅವರು ಬಂದ ಕಾಲ ಆಳುವವರ ಕಾಲ. ನಮ್ಮ ದೇವರುಗಳ ವಿಷಯದಲ್ಲಿ ಮಿಶನ್ನಿನವರ ಮಾತು ಅನೇಕ ವೇಳೆ ಕಟುವಾಗಿತ್ತು. ಆದರೂ ಒಂದು ಅಳತೆಗೋಲಿದೆ. ಮುಂದಾಳು ಹೋದ ಮೇಲೆ ಅವನ ಸ್ಥಳ ಬರಿದಾಗಿ ಉಳಿಯಿತೇ, ಅಥವಾ ಅಲ್ಲಿ ಇನ್ನೊಬ್ಬನು ನಿಂತನೇ? ಶಿಷ್ಯನಿಂದ ಸೋಲನ್ನು ಬಯಸಬೇಕೆಂದು ನಮ್ಮ ಹಿರಿಯರೂ ಹೇಳುತ್ತಿದ್ದರು.

ಬಲ್ಮಠದಿಂದ ಇಳಿದು ಬರುವಾಗ ನನಗೆ ನೆನಪಾದದ್ದು ನನ್ನ ತರಗತಿಯ ಒಬ್ಬ ಹುಡುಗ. ಹಿಂದಿನ ವರ್ಷ ಪಂಪನ ಪಾಠದ ನಡುವೆ ನನ್ನ ಅರ್ಥ ಸರಿಯಲ್ಲವೆಂದು ಎದ್ದು ನಿಂತಿದ್ದ. ಪರೀಕ್ಷೆಗೆ ಇದೇ ಸಾಕು, ಕೂತುಕೋ ಎಂದಿದ್ದೆ. ಅವನು ಕುಳಿತ, ಆಮೇಲೆ ಏಳಲೇ ಇಲ್ಲ. ರಜೆ ಮುಗಿದು ಕಾಲೇಜು ತೆರೆದಾಗ ಅವನನ್ನು ಕರೆದು, ಮುಂದಿನ ಗುರುವಾರದ ಪಾಠ ನಿನ್ನದು ಎಂದೆ. ತಮಾಷೆ ಮಾಡುತ್ತಿದ್ದೇನೆಂದುಕೊಂಡು ನನ್ನ ಮುಖ ನೋಡಿದ. ಗುರುವಾರ ಬಂತು. ಅವನು ಹಲಗೆಯ ಮುಂದೆ ನಿಂತ. ನಾನು ಹಿಂದಿನ ಬೆಂಚಿನಲ್ಲಿ ಕುಳಿತೆ. ಅವನ ಮಾತು ಎರಡು ಕಡೆ ತಡವರಿಸಿತು. ತಿದ್ದಲು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಮೂರನೆಯ ಪದ್ಯಕ್ಕೆ ಬರುವ ಹೊತ್ತಿಗೆ ಅವನು ನನ್ನನ್ನು ಮರೆತಿದ್ದ. ನಾನು ಪುಸ್ತಕ ತೆರೆದು, ಅವನು ಹೇಳಿದ ಅರ್ಥವನ್ನು ಅಂಚಿನಲ್ಲಿ ಬರೆದುಕೊಂಡೆ.