ಸೈಕಲ್‌ಗೂ ಹೆಲ್ಮೆಟ್ ಬೇಕಾ? ಕಾನೂನು ಏನು ಹೇಳುತ್ತೆ, ತಲೆ ಎಷ್ಟು ಉಳಿಯುತ್ತೆ: ಇಲ್ಲಿದೆ ವಿವರ

ತೋಡಾರು: ಮೂಡುಬಿದಿರೆ–ಮಂಗಳೂರು ಹೆದ್ದಾರಿಯಲ್ಲಿ ಬೈಕ್ ಸವಾರ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ ಕಟ್ಟಬೇಕು. ಅದೇ ರಸ್ತೆಯ ಅಂಚಿನಲ್ಲಿ ಸೈಕಲ್ ತುಳಿಯುವ ಶಾಲಾ ಹುಡುಗನನ್ನು ಯಾರೂ ಕೇಳುವುದಿಲ್ಲ. ಇಬ್ಬರ ತಲೆಯೂ ಬೀಳುವುದು ಅದೇ ಡಾಮರಿನ ಮೇಲೆ. ಹಾಗಾದರೆ ಸೈಕಲ್ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಆಗಬೇಕಾ? ಈ ಚರ್ಚೆ ಜಗತ್ತಿನ ಹಲವು ಕಡೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಡೆಯುತ್ತಿದೆ. ನಮ್ಮ ಊರಿನ ಮಟ್ಟಿಗೆ ತಿಳಿದಿರಬೇಕಾದ ವಿಷಯಗಳು ಇಲ್ಲಿವೆ.

ಕಾನೂನು ಏನು ಹೇಳುತ್ತದೆ?

ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಅನ್ವಯಿಸುವುದು ಮೋಟಾರ್ ಸೈಕಲ್, ಸ್ಕೂಟರ್‌ಗಳಿಗೆ ಮಾತ್ರ. ತುಳಿಯುವ ಸೈಕಲ್ ಕಾನೂನಿನ ಲೆಕ್ಕದಲ್ಲಿ 'ಮೋಟಾರು ವಾಹನ' ಅಲ್ಲವೇ ಅಲ್ಲ. ಕರ್ನಾಟಕದಲ್ಲಿ ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯ ಆದದ್ದು 2016ರ ಜನವರಿಯಲ್ಲಿ. ಆಗಲೂ ಸೈಕಲ್ ಸುದ್ದಿಗೆ ಬರಲಿಲ್ಲ.

ಬ್ಯಾಟರಿ ಸೈಕಲ್ ವಿಷಯ ಸ್ವಲ್ಪ ಬೇರೆ. ಮೋಟಾರ್ ಶಕ್ತಿ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಒಳಗೆ ಇದ್ದರೆ ಅದಕ್ಕೆ ಮೋಟಾರು ವಾಹನದ ನಿಯಮ ಅನ್ವಯಿಸುವುದಿಲ್ಲ. ಅದಕ್ಕಿಂತ ಜೋರಾಗಿ ಓಡಿದರೆ ಅದು ಸ್ಕೂಟರ್ ಲೆಕ್ಕ, ಹೆಲ್ಮೆಟ್ ಬೇಕೇ ಬೇಕು.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. 2023ರ ಫೆಬ್ರವರಿಯಿಂದ ಜಾರಿಗೆ ಬಂದ ಕೇಂದ್ರದ ನಿಯಮದಲ್ಲಿ ಸೈಕಲ್ ಹೆಲ್ಮೆಟ್‌ನ ಹೆಸರು ಇದೆ. ಆದರೆ ಅದು ಸೈಕಲ್‌ನವರಿಗಲ್ಲ. 9 ತಿಂಗಳಿಂದ 4 ವರ್ಷದ ಮಗುವನ್ನು ಬೈಕ್‌ನಲ್ಲಿ ಕೂರಿಸಿಕೊಂಡು ಹೋಗುವಾಗ ತಲೆಗೆ ಸರಿ ಹೊಂದುವ ಹೆಲ್ಮೆಟ್ ಅಥವಾ ಸೈಕಲ್ ಹೆಲ್ಮೆಟ್ ಹಾಕಬೇಕು, ಬೆಲ್ಟ್ ಕಟ್ಟಬೇಕು, ವೇಗ 40 ಕಿ.ಮೀ. ದಾಟಬಾರದು.

ಹೆಲ್ಮೆಟ್ ಪರ ವಾದ

ಸೈಕಲ್ ಹೆಲ್ಮೆಟ್ ಒಳಗಿರುವುದು ಥರ್ಮಕೋಲ್ ಜಾತಿಯ ಗಟ್ಟಿ ಫೋಮ್. ತಲೆ ನೆಲಕ್ಕೆ ಬಡಿದಾಗ ಆ ಫೋಮ್ ಜಜ್ಜಿ ಹೋಗಿ ಪೆಟ್ಟಿನ ಜೋರನ್ನು ತಾನು ತೆಗೆದುಕೊಳ್ಳುತ್ತದೆ. 2016ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 40 ಅಧ್ಯಯನಗಳನ್ನು, ಅಂದರೆ 64 ಸಾವಿರಕ್ಕೂ ಹೆಚ್ಚು ಗಾಯಾಳು ಸೈಕಲ್ ಸವಾರರ ವಿವರವನ್ನು ಒಟ್ಟು ಸೇರಿಸಿ ನೋಡಿದರು. ಹೆಲ್ಮೆಟ್ ಹಾಕಿದವರಲ್ಲಿ ಗಂಭೀರ ತಲೆ ಗಾಯದ ಸಾಧ್ಯತೆ ಸುಮಾರು 69% ಕಡಿಮೆ, ಪ್ರಾಣ ತೆಗೆಯುವಂಥ ತಲೆ ಗಾಯದ್ದು 65% ಕಡಿಮೆ ಇತ್ತು.

ಸ್ಪರ್ಧೆಯ ಸವಾರರೂ ಮೊದಲು ವಿರೋಧಿಸಿದವರೇ. 2003ರಲ್ಲಿ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಕಝಾಕಿಸ್ತಾನದ ಆಂದ್ರೆ ಕಿವಿಲೆವ್ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡ ಮೇಲೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಹೆಲ್ಮೆಟ್ ಕಡ್ಡಾಯ ಮಾಡಿತು. ನಮ್ಮ ದೇಶದಲ್ಲಿ ನಡೆಯುವ 200 ಕಿ.ಮೀ. ಮತ್ತು ಮೇಲ್ಪಟ್ಟ ಬ್ರೆವೆ ಸವಾರಿಗಳಲ್ಲೂ ಹೆಲ್ಮೆಟ್ ಇಲ್ಲದೆ ಬಿಡುವುದಿಲ್ಲ.

ಕಡ್ಡಾಯ ಬೇಡ ಅನ್ನುವವರ ವಾದ

ಇವರಲ್ಲಿ ಹೆಚ್ಚಿನವರು ಹೆಲ್ಮೆಟ್ ಕೆಟ್ಟದು ಅಂತ ಹೇಳುವುದಿಲ್ಲ, ಕಾನೂನು ಬೇಡ ಅಂತಾರೆ. 1990ರ ಜುಲೈಯಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಸೈಕಲ್ ಹೆಲ್ಮೆಟ್ ಕಡ್ಡಾಯ ಮಾಡಿತು. ಆಮೇಲೆ ಮೆಲ್ಬರ್ನ್‌ನಲ್ಲಿ ಲೆಕ್ಕ ಹಾಕಿದಾಗ ಸೈಕಲ್ ತುಳಿಯುವ ಹದಿಹರೆಯದವರ ಸಂಖ್ಯೆಯೇ ಕಡಿಮೆ ಆಗಿತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ ಜನ ದಿನಾ ಸೈಕಲ್‌ನಲ್ಲೇ ಓಡಾಡ್ತಾರೆ, ಹೆಲ್ಮೆಟ್ ಹಾಕುವವರು ತೀರಾ ಕಡಿಮೆ. ಅಲ್ಲಿ ಸೈಕಲ್‌ಗೆ ಪ್ರತ್ಯೇಕ ದಾರಿ ಇದೆ. ಅಮೆರಿಕದ ಸಿಯಾಟಲ್ ಇರುವ ಕಿಂಗ್ ಕೌಂಟಿ 2022ರಲ್ಲಿ ತನ್ನ ಹೆಲ್ಮೆಟ್ ನಿಯಮವನ್ನೇ ತೆಗೆದು ಹಾಕಿತು. ದಂಡ ಬೀಳುತ್ತಿದ್ದದ್ದು ಹೆಚ್ಚಾಗಿ ಮನೆ ಇಲ್ಲದವರಿಗೆ, ಕಪ್ಪು ಜನರಿಗೆ ಅನ್ನುವುದು ಕಾರಣ.

ಇಂಗ್ಲೆಂಡಿನ ಸಂಶೋಧಕ ಇಯಾನ್ ವಾಕರ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಲ್ಮೆಟ್ ಹಾಕಿದ್ದಾಗ ವಾಹನಗಳು ಸರಾಸರಿ 8.5 ಸೆಂ.ಮೀ. ಹೆಚ್ಚು ಹತ್ತಿರದಿಂದ ದಾಟಿ ಹೋದವು. ಅದೇ ಅಂಕಿಅಂಶವನ್ನು ಮತ್ತೆ ಲೆಕ್ಕ ಹಾಕಿದ ಬೇರೆಯವರು, ವ್ಯತ್ಯಾಸ ಅಷ್ಟು ಮುಖ್ಯದ್ದಲ್ಲ ಅಂದಿದ್ದಾರೆ. ಆ ವಾದ ಇನ್ನೂ ಮುಗಿದಿಲ್ಲ.

ನಮ್ಮ ರಸ್ತೆಗೆ ಯಾವುದು ಸರಿ?

ಯುರೋಪಿನ ಇಎನ್ 1078 ಮಾನದಂಡದಲ್ಲಿ ಸೈಕಲ್ ಹೆಲ್ಮೆಟ್ ಪರೀಕ್ಷೆ ಮಾಡುವುದು ಗಂಟೆಗೆ ಸುಮಾರು 20 ಕಿ.ಮೀ. ವೇಗದ ಪೆಟ್ಟಿಗೆ. ಅಂದರೆ ಸೈಕಲ್ ಜಾರಿ ತಲೆ ನೆಲಕ್ಕೆ ಬಡಿಯುವ ಲೆಕ್ಕ ಅದು. ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಕ್ರೀಟ್ ರಸ್ತೆ, ಇಳಿಜಾರಿನ ತಿರುವು, ಡಾಮರು ಮುಗಿದು ಮಣ್ಣಿಗೆ ಇಳಿಯುವ ಅಂಚು, ನಾಯಿ ಅಡ್ಡ ಬರುವುದು: ಇಂಥ ಕಡೆ ಬಿದ್ದರೆ ಹೆಲ್ಮೆಟ್ ನಿಜಕ್ಕೂ ಕಾಪಾಡುತ್ತದೆ. ಒಳರಸ್ತೆಗಳಲ್ಲಿ ಮಕ್ಕಳು ಬೀಳುವುದು ಹೆಚ್ಚಾಗಿ ಹೀಗೆಯೇ.

ರಾಷ್ಟ್ರೀಯ ಹೆದ್ದಾರಿ 169ರಲ್ಲಿ ವೇಗವಾಗಿ ಬರುವ ಬಸ್ಸು, ಟಿಪ್ಪರ್ ಗುದ್ದಿದರೆ ಕಥೆ ಬೇರೆ. ಅಲ್ಲಿ ಹೆಲ್ಮೆಟ್ ಒಂದೇ ಸಾಕಾಗುವುದಿಲ್ಲ. ಅಲ್ಲಿ ಬೇಕಾಗುವುದು ಅಗಲವಾದ ಅಂಚು, ಸರ್ವೀಸ್ ರಸ್ತೆ, ದಾಟಲು ಸರಿಯಾದ ಜಾಗ. ಕುಲಶೇಖರದಿಂದ ಸಾಣೂರುವರೆಗಿನ ಸುಮಾರು 45 ಕಿ.ಮೀ. ಚತುಷ್ಪಥ ಯೋಜನೆಯ ವಿಷಯದಲ್ಲಿ ಗ್ರಾಮಸಭೆಗಳಲ್ಲಿ ಕೇಳಬೇಕಾದ ಪ್ರಶ್ನೆ ಇದೇ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 4,836 ಮಂದಿ ಸೈಕಲ್ ಸವಾರರು.

ಇಲ್ಲಿ ದಿನಾ ಸೈಕಲ್ ತುಳಿಯುವವರು ಶಾಲಾ ಮಕ್ಕಳು, ಕೂಲಿ ಕಾರ್ಮಿಕರು, ಕೆಲಸಕ್ಕೆಂದು ಹೊರ ರಾಜ್ಯದಿಂದ ಬಂದವರು. ದಂಡ ಹಾಕಿದರೆ ಮೊದಲು ಪೆಟ್ಟು ಬೀಳುವುದು ಇವರ ದಿನಗೂಲಿಗೆ. 2006-07ರಲ್ಲಿ ಶುರುವಾದ ಸರ್ಕಾರದ ಉಚಿತ ಸೈಕಲ್ ಯೋಜನೆಯಲ್ಲಿ 8ನೇ ತರಗತಿ ಮಕ್ಕಳಿಗೆ ಸೈಕಲ್ ಸಿಕ್ಕಿತ್ತು. ಕೊರೊನಾ ಸಮಯದಲ್ಲಿ ಅದೂ ನಿಂತಿತು. ಹಾಗಾಗಿ ಕಡ್ಡಾಯಕ್ಕಿಂತ ಮೊದಲು ಆಗಬೇಕಾದದ್ದು ಮಕ್ಕಳ ತಲೆಗೆ ಹೆಲ್ಮೆಟ್ ಒದಗಿಸುವ ಕೆಲಸ. ಹಳೆ ವಿದ್ಯಾರ್ಥಿ ಸಂಘ, ಯುವಕ ಮಂಡಲ, ದಾನಿಗಳು ಪುಸ್ತಕ, ಕೊಡೆ ಕೊಡುವಾಗ ಇದನ್ನೂ ಪಟ್ಟಿಗೆ ಸೇರಿಸಬಹುದು.

ಖರೀದಿಸುವವರು, ಮಾರುವವರು ಗಮನಿಸಿ

* ಬೈಕ್ ಹೆಲ್ಮೆಟ್ ಸೈಕಲ್‌ಗೆ ಆಗಿ ಬರುವುದಿಲ್ಲ. ಭಾರ, ಸೆಖೆ ಜಾಸ್ತಿ, ಹಿಂದಿನಿಂದ ಬರುವ ವಾಹನದ ಸದ್ದು ಸರಿಯಾಗಿ ಕೇಳುವುದಿಲ್ಲ.
* ಸೈಕಲ್ ಹೆಲ್ಮೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಇಎನ್ 1078 ಅಥವಾ ಸಿಪಿಎಸ್‌ಸಿ ಅಂತ ಇದೆಯಾ ನೋಡಿ.
* ಅಂಗಡಿಯವರಿಗೆ: 2021ರ ಜೂನ್ 1ರಿಂದ ಬೈಕ್ ಸವಾರರಿಗೆ ಐಎಸ್‌ಐ ಗುರುತು ಇಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಸೈಕಲ್ ಹೆಲ್ಮೆಟನ್ನು ಬೈಕ್‌ಗೆ ಆಗುತ್ತದೆ ಅಂತ ಹೇಳಿ ಕೊಡಬೇಡಿ.
* ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಗಲ್ಲದ ಪಟ್ಟಿ ಕಟ್ಟಿದ ಮೇಲೆ ಒಂದೆರಡು ಬೆರಳು ಮಾತ್ರ ತೂರಬೇಕು. 'ಮಗ ಬೆಳೆಯುತ್ತಾನೆ' ಅಂತ ದೊಡ್ಡ ಸೈಜ್ ತಗೊಂಡರೆ ಪ್ರಯೋಜನ ಇಲ್ಲ.
* ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ.
* ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ಲೈಟ್, ಸರಿಯಾದ ಬ್ರೇಕ್ ಇಲ್ಲದೆ ಬರೀ ಹೆಲ್ಮೆಟ್ ಹಾಕಿ ಉಪಯೋಗ ಕಡಿಮೆ.

ಅಪಘಾತ ಆದರೆ

112 ಅಥವಾ 108ಕ್ಕೆ ಕರೆ ಮಾಡಿ. ಸೈಕಲ್ ಸವಾರ ಹೆಲ್ಮೆಟ್ ಹಾಕಿಲ್ಲದಿರುವುದು ಮೋಟಾರು ವಾಹನ ಕಾಯ್ದೆಯಲ್ಲಿ ಅಪರಾಧ ಅಲ್ಲ, ಆ ಕಾರಣಕ್ಕೆ ದೂರು ಕೊಡಲು ಹಿಂಜರಿಯಬೇಡಿ. ಮೋಟಾರು ವಾಹನ ಗುದ್ದಿದ್ದರೆ ಪರಿಹಾರಕ್ಕೆ ಕ್ಲೇಮ್ ನ್ಯಾಯಮಂಡಳಿಗೆ ಹೋಗಬಹುದು, 6 ತಿಂಗಳೊಳಗೆ ಅರ್ಜಿ ಹಾಕುವುದು ಒಳ್ಳೆಯದು. ಗುದ್ದಿದ ವಾಹನ ಪರಾರಿಯಾಗಿ ಪತ್ತೆ ಆಗದಿದ್ದರೂ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ರೂಪಾಯಿ ಪರಿಹಾರದ ಕೇಂದ್ರ ಯೋಜನೆ 2022ರ ಏಪ್ರಿಲ್‌ನಿಂದ ಇದೆ. ಇದಕ್ಕೆ ತಾಲೂಕು ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು.