ಪಾಲು, ಆಲು, ಹಾಲು: ಗೋಪಿನಾಥಂನ ಎರಡು ನುಡಿಯ ಮಗು ಮತ್ತು ಪದ ಎಣಿಕೆಯ ಪ್ರಶ್ನೆ

ಮಗು ಯಾವ ಯಾವ ಪದ ಆಡುತ್ತದೆಂದು ಹೆತ್ತವರನ್ನೇ ಕೇಳಿ ನುಡಿಗಲಿಕೆಯನ್ನು ಅಳೆಯುವ ಕ್ರಮ ಇಂದು ಒಪ್ಪಿತವಾದುದು. 16ರಿಂದ 30 ತಿಂಗಳ ಮಕ್ಕಳಿಗಾಗಿ ರೂಪಿಸಿದ ಮೆಕಾರ್ಥರ್-ಬೇಟ್ಸ್ ಪಟ್ಟಿಯಲ್ಲಿ 680 ಪದಗಳಿವೆ. ಕನ್ನಡದ ಮಕ್ಕಳ ಮೇಲೂ ಮಹತ್ವದ ಕೆಲಸ ನಡೆದಿದೆ. ಮೂರು ವರ್ಷದವರು ಕ್ರಿಯಾಪದದ ಅರ್ಥ ಊಹಿಸುವಾಗ ಅದರ ಪ್ರೇರಣಾರ್ಥಕ ‘ಇಸು’ ಪ್ರತ್ಯಯಕ್ಕಿಂತ ವಾಕ್ಯದ ನಾಮಪದಗಳ ಸಂಖ್ಯೆಯನ್ನೇ ಹೆಚ್ಚು ನೆಚ್ಚುತ್ತಾರೆಂದು ಲಿಡ್ಜ್ ಮತ್ತು ಗ್ಲೈಟ್‌ಮನ್ ದಂಪತಿ 2003ರಲ್ಲಿ ತೋರಿಸಿದರು. ಎರಡು ನುಡಿಯ ಮಕ್ಕಳು ಹಿಂದುಳಿಯುತ್ತಾರೆ ಎನ್ನಲು ಆಧಾರವಿಲ್ಲವೆಂದು ಪಿಯರ್ಸನ್, ಫರ್ನಾಂಡಿಸ್ ಮತ್ತು ಒಲ್ಲರ್ 1993ರಲ್ಲೇ ವಾದಿಸಿದ್ದರು. ಇವುಗಳಲ್ಲಿ ನನಗೆ ಭಿನ್ನಮತವಿಲ್ಲ.

ಭಿನ್ನಮತವಿರುವುದು ಎಣಿಕೆಯಲ್ಲಿ. ಪಿಯರ್ಸನ್ ತಂಡದ್ದು ಎರಡು ಲೆಕ್ಕ: ಎರಡೂ ನುಡಿಯ ಪದಗಳನ್ನು ಕೂಡಿಸುವುದು, ಇಲ್ಲವೇ ಒಂದು ಅರ್ಥಕ್ಕೆ ಒಂದೇ ಪದವೆಂದು ಎಣಿಸುವುದು. ಅವರ ಮಕ್ಕಳು ಆಡುತ್ತಿದ್ದುದು ಸ್ಪ್ಯಾನಿಷ್ ಮತ್ತು ಇಂಗ್ಲಿಷ್. ‘ಲೆಚೆ’, ‘ಮಿಲ್ಕ್’ ಬೇರೆ ಬೇರೆ ಪದಗಳೆಂದು ಕಿವಿಗೇ ಗೊತ್ತಾಗುತ್ತದೆ.

ಹನೂರು ತಾಲ್ಲೂಕಿನ ಗೋಪಿನಾಥಂ ಹಾಗಲ್ಲ. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯ ಈ ಗಡಿಯೂರಿನಲ್ಲಿ ತಮಿಳು ಮನೆಮಾತಿನ ಕುಟುಂಬಗಳೇ ಹೆಚ್ಚು. ಇಲ್ಲಿನ ಮಗು ‘ಮೀನು’, ‘ಕಾಲು’, ‘ಕೈ’ ಎಂದರೆ ಅದು ತಮಿಳೋ ಕನ್ನಡವೋ? ಎರಡೂ ಹೌದು. ಕೂಡಿಸುವ ಲೆಕ್ಕದಲ್ಲಿ ಮಗು ಒಮ್ಮೆ ಕಲಿತದ್ದು ಎರಡಾಗುತ್ತದೆ.

ಅರ್ಥಕ್ಕೊಂದು ಎಂಬ ಲೆಕ್ಕ ಇದಕ್ಕೆ ವಿರುದ್ಧವಾದ ತಪ್ಪು ಮಾಡುತ್ತದೆ. ಪದದ ಮೊದಲ ಪಕಾರ ಕನ್ನಡದಲ್ಲಿ ಹಕಾರವಾಯಿತು. ಚಾಮರಾಜನಗರ ಸೀಮೆಯ ಆಡುಮಾತಿನಲ್ಲಿ ಆ ಹಕಾರವೂ ಉದುರುತ್ತದೆ. ಹೀಗಾಗಿ ಮಗುವಿನ ಕಿವಿಗೆ ಬೀಳುವುದು ಮನೆಯ ‘ಪಾಲು’, ಊರ ಕನ್ನಡದ ‘ಆಲು’, ಪುಸ್ತಕದ ‘ಹಾಲು’. ಅಜ್ಜಿಯ ಮುಂದೆ ‘ಪಾಲು’, ಅಂಗನವಾಡಿ ಟೀಚರ್ ಮುಂದೆ ‘ಆಲು’ ಎನ್ನುವ ಮಗು ಯಾರೊಡನೆ ಯಾವ ನುಡಿ ಎಂಬುದನ್ನೂ ಅರಿತಿದೆ. ಪಟ್ಟಿಯಲ್ಲಿ ಅದಕ್ಕೆ ಸಿಗುವುದು ಒಂದೇ ಗುರುತು. ಶಿಷ್ಟ ಕನ್ನಡವನ್ನಷ್ಟೇ ಬಲ್ಲ ಪರೀಕ್ಷಕರು ‘ಪಾಲು’ ಕೇಳಿ ಉಚ್ಚಾರದೋಷ ಎನ್ನಲೂಬಹುದು; ಕನ್ನಡದಲ್ಲಿ ಪಾಲೆಂದರೆ ಹಂಚಿಕೆ ತಾನೇ.

ಆದ್ದರಿಂದ ನನ್ನ ಸೂಚನೆ ಇದು. ರೂಪ ಒಂದೇ ಆದಾಗ ಒಂದೆಂದೇ ಎಣಿಸಬೇಕು. ‘ಪಾಲು-ಹಾಲು’, ‘ಪುಲಿ-ಹುಲಿ’ಗಳಂಥ ಜೋಡಿಗಳನ್ನು, ಮಗು ಆಳು ನೋಡಿ ರೂಪ ಬದಲಿಸುವುದಾದರೆ ಮಾತ್ರ, ಎರಡೆಂದು ಎಣಿಸಬೇಕು. ಇದನ್ನು ಎಲ್ಲ ದ್ವಿಭಾಷಿಕರಿಗೂ ನಿಯಮವೆಂದು ನಾನು ಹೇಳುತ್ತಿಲ್ಲ. ಹತ್ತಿರದ ನಂಟಿನ ನುಡಿಗಳಿಗೆ, ಅದರಲ್ಲೂ ನಾಮಪದಗಳ ಮಟ್ಟಿಗೆ, ಇದು ಹೊಂದೀತು ಎಂದಷ್ಟೇ.

ಈ ಎಣಿಕೆಗೆ ಸಾಕ್ಷಿ ಒಬ್ಬರಿಂದ ಸಾಲದು. ತಾಯಿಗೆ ಮನೆಯ ಮಾತು ಗೊತ್ತು, ಟೀಚರಿಗೆ ಅಂಗನವಾಡಿಯದು. ಇಂಥ ಅಧ್ಯಯನಕ್ಕೆ ಒಪ್ಪಿಗೆಯೂ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಏಳು ವರ್ಷದೊಳಗಿನವರ ಪರವಾಗಿ ಹೆತ್ತವರೇ ಒಪ್ಪಿಗೆ ಕೊಡಬೇಕು. ಓದುಬರಹ ಬಾರದವರ ಒಪ್ಪಿಗೆಗೆ ನಿಷ್ಪಕ್ಷಪಾತ ಸಾಕ್ಷಿ ಬೇಕು. ಗೋಪಿನಾಥಂನಲ್ಲಿ ಒಪ್ಪಿಗೆ ಕೇಳುವಾಗಿನ ವಿವರಣೆ ತಮಿಳಿನಲ್ಲಿ ನಡೆಯಬೇಕು. ಅಧ್ಯಯನದಿಂದ ತಿಳಿದದ್ದು ತಾಯಿಗೆ ಮರಳಿ ತಲುಪಬೇಕು, ಮನೆಯಲ್ಲಿ ತಮಿಳು ಬಿಡಬೇಕಿಲ್ಲ ಎಂಬ ಮಾತೂ ಸೇರಿದಂತೆ.

‘ಪೋ-ಹೋಗು’, ‘ವಾ-ಬಾ’ದಂಥ ಕ್ರಿಯಾಪದಗಳನ್ನು ಎಣಿಸುವ ಬಗೆ ಇನ್ನೂ ಇತ್ಯರ್ಥವಾಗಬೇಕಿದೆ, ಅಲ್ಲಿ ಪ್ರತ್ಯಯಗಳೂ ಲೆಕ್ಕಕ್ಕೆ ಬರುತ್ತವೆ. ಅಲ್ಲಿಯವರೆಗೆ, ಗಡಿಯೂರುಗಳಿಗೆ ಪದಪಟ್ಟಿ ರೂಪಿಸುವವರು ಪ್ರತಿ ಪದದ ಪಕ್ಕದಲ್ಲಿ ‘ಯಾರೊಡನೆ?’ ಎಂಬ ಒಂದು ಅಂಕಣವನ್ನಾದರೂ ಸೇರಿಸಲಿ.